ಆದಿತ್ಯವಾರವೂ ಮೊಟ್ಟೆಯ ಗಸಿಯೂ



ಇಂದು ನಾನು ಮಾತನಾಡಲು ಆರಿಸಿಕೊಂಡ ವಿಷಯ ಬಹಳ ಸಣ್ಣದು. ಅಂಗೈಯೊಳಗೆ ಹಿಡಿಯುವಷ್ಟು ಸಣ್ಣದು. ಕೋಳಿಮೊಟ್ಟೆ, ಅದರ ಜೊತೆಗೆ ನಮ್ಮ ಆದಿತ್ಯವಾರದ ಅಡುಗೆಮನೆ. ಮೊಟ್ಟೆ ತಿನ್ನದ ಮನೆಯವರು ರೇಡಿಯೋ ಬಂದ್ ಮಾಡಬೇಕಾಗಿಲ್ಲ. ಕಾಸರಗೋಡಿನ ಕಡೆ ಮೊಟ್ಟೆ ಒಳಗೆ ಬಾರದ ಮನೆಗಳು ಧಾರಾಳ ಉಂಟು. ಆದರೆ ಆದಿತ್ಯವಾರ ಒಳಗೆ ಬಾರದ ಮನೆ ಇಲ್ಲವಷ್ಟೆ.

ಮೊದಲು ಹೆಸರಿನ ಮಾತು ಮುಗಿಸಿಬಿಡೋಣ. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ಮೊಟ್ಟೆ. ಉತ್ತರ ಕರ್ನಾಟಕದವರಿಗೆ ಅದು ತತ್ತಿ. ತುಳುವಿನಲ್ಲಿ ತೆತ್ತಿ, ಕೆಲವರ ಬಾಯಲ್ಲಿ ಕೆತ್ತಿ. ಮಲಯಾಳದಲ್ಲಿ ಮುಟ್ಟ. ಕೊಂಕಣಿಯಲ್ಲಿ ತಾಂತಿ. ಉಪ್ಪಳದ ಅಥವಾ ಕುಂಬಳೆಯ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಈ ಎಲ್ಲ ಹೆಸರುಗಳೂ ಕಿವಿಗೆ ಬೀಳುತ್ತವೆ. ಕೇಳುವವರು ತುಳುವಿನಲ್ಲಿ ಕೇಳುತ್ತಾರೆ, ಅಂಗಡಿಯವರು ಮಲಯಾಳದಲ್ಲಿ ಎಣಿಸುತ್ತಾರೆ, ಮನೆಗೆ ಬಂದ ಮೇಲೆ ಲೆಕ್ಕದ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುತ್ತೇವೆ. ಮೊಟ್ಟೆ ಒಡೆಯದೆ ಮನೆ ಸೇರಿದರೆ ಸಾಕು, ಯಾವ ಭಾಷೆಯಲ್ಲಿ ಬಂದರೇನು?

ಗಡಿಯ ಊರಿನಲ್ಲಿ ವಾರದ ರಜೆಯೂ ಒಂದೇ ಬಗೆಯಲ್ಲ. ಕೇರಳದ ಶಾಲೆಗಳಿಗೆ ಸಾಮಾನ್ಯವಾಗಿ ಶನಿವಾರ ರಜೆ. ತಲಪಾಡಿ ದಾಟಿ ಆಚೆ ಹೋದರೆ ಶನಿವಾರ ಬೆಳಗ್ಗಿನ ಕ್ಲಾಸು ಉಂಟು. ನಮ್ಮ ಜಿಲ್ಲೆಯಲ್ಲೇ ಕೆಲವು ಶಾಲೆಗಳು ಮುಸ್ಲಿಂ ಕ್ಯಾಲೆಂಡರಿನಂತೆ ನಡೆಯುತ್ತವೆ. ಅಲ್ಲಿಯ ಮಕ್ಕಳಿಗೆ ಶುಕ್ರವಾರ ರಜೆ, ಶನಿವಾರ ಪಾಠ. ಕುಂಜತ್ತೂರಿನಲ್ಲೋ ವರ್ಕಾಡಿಯಲ್ಲೋ ಒಂದು ಮನೆಯ ಮಗಳು ಮಂಗಳೂರಿನ ಕಾಲೇಜಿಗೆ, ಮಗ ಊರಿನ ಶಾಲೆಗೆ ಹೋಗುತ್ತಾರೆ. ಅಪ್ಪನಿಗೆ ಕೆಲಸ ಸಿಕ್ಕಿದ ದಿನವೇ ಕೆಲಸ. ಹಾಗಾಗಿ ಎಲ್ಲರೂ ಒಂದೇ ಹೊತ್ತಿಗೆ ಚಾಪೆಯ ಮೇಲೆ ಕೂತು ಉಣ್ಣುವ ದಿನ ಆದಿತ್ಯವಾರ ಮಾತ್ರ. ತುಳುವಿನಲ್ಲಿ ಐತಾರ ಎನ್ನಿ, ಮಲಯಾಳದಲ್ಲಿ ಞಾಯರ್ ಎನ್ನಿ, ಆ ದಿನದ ಊಟಕ್ಕೆ ಏನಾದರೊಂದು ವಿಶೇಷ ಇರಬೇಕು ಎಂಬುದು ಮಕ್ಕಳ ಹಕ್ಕು.

ಶಾಲೆಯ ಮೊಟ್ಟೆಯಲ್ಲಿಯೂ ಗಡಿ ಕಾಣುತ್ತದೆ. ಕೇರಳದ ಶಾಲೆಗಳ ಮಧ್ಯಾಹ್ನದ ಊಟದ ಜೊತೆ ವಾರಕ್ಕೊಂದು ಮೊಟ್ಟೆ, ಎರಡು ದಿನ ಹಾಲು ಎಂಬುದು ಕ್ರಮ. ಕರ್ನಾಟಕದಲ್ಲಿ ಮೊಟ್ಟೆಯ ಬಗ್ಗೆ ಹಲವು ವರ್ಷ ಚರ್ಚೆ ನಡೆದು, ಕೊನೆಗೆ 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಆರಂಭವಾಯಿತು. ಬೇಡದ ಮಕ್ಕಳಿಗೆ ಬಾಳೆಹಣ್ಣು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇರುತ್ತದೆ. ಬೆಳೆಯುವ ಮಗುವಿಗೆ ಅದು ಸಣ್ಣ ಸಂಗತಿಯಲ್ಲ. ಗಡಿಯ ಯಾವ ಬದಿಯಾದರೂ ಆದಿತ್ಯವಾರ ಮಾತ್ರ ಶಾಲೆಯ ಪಾತ್ರೆ ಕವುಚಿ ಬಿದ್ದಿರುತ್ತದೆ. ಆ ದಿನದ ಮೊಟ್ಟೆ ಮನೆಯ ಲೆಕ್ಕಕ್ಕೇ ಸೇರಿದ್ದು.

ಕರಾವಳಿಯಲ್ಲಿ ಆದಿತ್ಯವಾರವೆಂದರೆ ಮೊದಲ ಮರ್ಯಾದೆ ಮೀನಿಗೆ, ಎರಡನೆಯದು ಕೋಳಿಗೆ. ಮೊಟ್ಟೆ ಮೂರನೆಯ ಸಾಲಿನಲ್ಲಿ ಕೂತ ಬಡ ನೆಂಟ. ಆದರೆ ಮಳೆಗಾಲ ಬಂದಾಗ ಈ ನೆಂಟನಿಗೆ ಬೆಲೆ ಬರುತ್ತದೆ. ಕೇರಳದಲ್ಲಿ 1988ರಿಂದ ಮಳೆಗಾಲದ ಟ್ರಾಲಿಂಗ್ ನಿಷೇಧ ನಡೆದು ಬಂದಿದೆ. ಈಗ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರ ತನಕ 52 ದಿನ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ ಕೊನೆಯ ತನಕ 61 ದಿನ. ಸಮುದ್ರ ಒಂದೇ, ಮೀನೂ ಒಂದೇ, ಬಾಗಿಲು ಮುಚ್ಚುವ ದಿನ ಮಾತ್ರ ಬೇರೆ! ಸಣ್ಣ ದೋಣಿಯವರು ತರುವ ಮೀನು ಆಗ ಕೈಗೆಟುಕುವ ಬೆಲೆಯಲ್ಲಿ ಇರುವುದಿಲ್ಲ. ಆಟಿಯ ಜಡಿಮಳೆಯಲ್ಲಿ ಒಣಮೀನು, ಹಲಸಿನ ಬೀಜ, ತಗತೆ ಸೊಪ್ಪು, ಕೆಸುವಿನ ಎಲೆ ಇವುಗಳ ನಡುವೆ ನಾಲ್ಕು ಮೊಟ್ಟೆ ಸಿಕ್ಕಿದರೆ ಅದೇ ಹಬ್ಬ. ಬೇರೆ ತಿಂಗಳುಗಳಲ್ಲಾದರೆ ನುಗ್ಗೆಸೊಪ್ಪಿನ ಜೊತೆ ಮೊಟ್ಟೆ ಒಡೆದು ಹಾಕಿ ತೆಂಗಿನತುರಿ ಉದುರಿಸಿದ ಪಲ್ಯ ಬಹಳ ಒಳ್ಳೆಯದಾಗುತ್ತದೆ. ಕರ್ಕಾಟಕ ಮಾಸದಲ್ಲಿ ನುಗ್ಗೆಸೊಪ್ಪು ಮುಟ್ಟಬಾರದೆಂದು ನಮ್ಮ ಮಲಯಾಳದ ನೆರೆಯವರು ಹೇಳುತ್ತಾರೆ. ಯಾಕೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಒಂದು ತಿಂಗಳು ಆ ಮರಕ್ಕೂ ವಿರಾಮ ಸಿಗಲಿ.

ಇನ್ನು ಮೊಟ್ಟೆ ಎಲ್ಲಿಂದ ಬರುತ್ತಿತ್ತು, ಈಗ ಎಲ್ಲಿಂದ ಬರುತ್ತದೆ ಎಂಬ ಮಾತು. ಅಂಗಳದಲ್ಲಿ ಕೋಳಿ ಇದ್ದ ಮನೆಗಳಲ್ಲಿ ಕೋಳಿಯ ದುಡ್ಡೆಂದರೆ ಹೆಂಗಸರ ದುಡ್ಡು. ಅಡಿಕೆ, ಒಳ್ಳೆಮೆಣಸು, ತೆಂಗಿನಕಾಯಿಯ ಹಣ ಯಜಮಾನರ ಪೆಟ್ಟಿಗೆಗೆ ಹೋದರೆ, ಮೊಟ್ಟೆ ಮಾರಿದ ಚಿಲ್ಲರೆ ಅಕ್ಕಿಯ ಡಬ್ಬಿಯೊಳಗೆ ಅಥವಾ ಸಾಸಿವೆಯ ಕರಡಿಗೆಯೊಳಗೆ ಇಳಿಯುತ್ತಿತ್ತು. ಮಗಳ ಬಳೆ, ಮಗನ ನೋಟು ಪುಸ್ತಕ, ತವರಿಗೆ ಹೋಗುವಾಗಿನ ಬಸ್ಸಿನ ಚಾರ್ಜು, ಚೀಟಿಯ ಕಂತು, ಎಲ್ಲ ಅದರಿಂದಲೇ. ಯಾರನ್ನೂ ಕೇಳಬೇಕಾಗಿಲ್ಲದ ಹಣ ಅದು. ಮೊತ್ತ ಎಷ್ಟು ಸಣ್ಣದಾದರೂ, ಕೇಳದೆ ಖರ್ಚು ಮಾಡಬಹುದಾದ ಹಣಕ್ಕೂ ಕೇಳಿ ಪಡೆದ ಹಣಕ್ಕೂ ಇರುವ ವ್ಯತ್ಯಾಸ ನಮ್ಮ ತಾಯಂದಿರಿಗೆ ಹೇಳಿಕೊಡಬೇಕಾಗಿಲ್ಲ.

ಊರಕೋಳಿ ವರ್ಷಕ್ಕೆ 60ರಿಂದ 80 ಮೊಟ್ಟೆ ಇಟ್ಟರೆ ಹೆಚ್ಚು. ಹತ್ತು ಹನ್ನೆರಡು ಇಟ್ಟ ಮೇಲೆ ಕಾವಿಗೆ ಕೂರುತ್ತದೆ, 21 ದಿನ ಯಾರ ಮಾತೂ ಕೇಳುವುದಿಲ್ಲ. ಫಾರಮಿನ ಬಿಳಿಕೋಳಿ ವರ್ಷಕ್ಕೆ 300ರ ಹತ್ತಿರ ಇಡುತ್ತದೆ, ಕಾವಿಗೆ ಕೂರುವ ಗೋಜೇ ಇಲ್ಲ. ತಮಿಳುನಾಡಿನ ನಾಮಕ್ಕಲ್ಲಿನಿಂದ ಲಾರಿಗಳಲ್ಲಿ 30 ಮೊಟ್ಟೆಯ ಟ್ರೇಗಳು ಕೇರಳಕ್ಕೆಲ್ಲ ಬರಲು ತೊಡಗಿದ ಮೇಲೆ ಅಂಗಳದ ಮೊಟ್ಟೆ ಆ ಲೆಕ್ಕಕ್ಕೆ ನಿಲ್ಲಲಿಲ್ಲ. ಅದರ ಮೇಲೆ ಮುಂಗುಸಿ, ಗಿಡುಗ, ಕಾಡುಬೆಕ್ಕು, ಬೀದಿನಾಯಿ. ಇವೆಲ್ಲಕ್ಕಿಂತ ದೊಡ್ಡ ಶತ್ರು ರೋಗ.

ಈ ರೋಗದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಾಣಿಖೇತ್ ಎಂಬ ರೋಗ ಹೊಕ್ಕರೆ ಎರಡು ಮೂರು ದಿನದಲ್ಲಿ ಗೂಡೇ ಖಾಲಿ. ಕತ್ತು ತಿರುಚಿಕೊಳ್ಳುವುದು, ಹಸುರು ಭೇದಿ, ಬಾಯಿ ತೆರೆದು ಉಸಿರೆಳೆಯುವುದು ಇದರ ಗುರುತುಗಳು. ಕನ್ನಡದಲ್ಲಿ ಇದಕ್ಕೆ ಕೊಕ್ಕರೆ ರೋಗ ಎನ್ನುತ್ತಾರೆ. ಮಲಯಾಳದಲ್ಲಿ ಇದರ ಹೆಸರು ಕೋಳಿವಸಂತ. ಮೃಗಾಸ್ಪತ್ರೆಯ ಹಲಗೆಯ ಮೇಲೆ ಇಂಥ ದಿನ ಕೋಳಿವಸಂತಕ್ಕೆ ಚುಚ್ಚುಮದ್ದು ಎಂದು ಬರೆದಿದ್ದರೆ, ಕನ್ನಡ ಶಾಲೆಯಲ್ಲಿ ಓದಿದ ಹೆಂಗಸು ಅದನ್ನು ಅಕ್ಷರ ಕೂಡಿಸಿ ಓದಿದರೂ ಅವಳಿಗೆ ವಸಂತವೆಂದರೆ ಮಾವು ಚಿಗುರುವ ಕಾಲ! ಕೋಳಿಗೂ ವಸಂತ ಬರುತ್ತದಾ ಎಂದು ನಕ್ಕು ಮುಂದೆ ಹೋಗಬಹುದು. ನಗುವಿನ ಮಾತಲ್ಲ ಇದು. ಒಂದು ಪದ ತಿಳಿಯದೆ ಹೋದದ್ದಕ್ಕೆ ಹದಿನೈದು ಕೋಳಿ ಸತ್ತರೆ ಅಕ್ಕಿಡಬ್ಬಿಯ ಚಿಲ್ಲರೆಯೂ ಅಲ್ಲಿಗೆ ಮುಗಿಯುತ್ತದೆ. ಎರಡು ಭಾಷೆ ಬಲ್ಲೆವೆಂದು ನಾವು ಹೆಮ್ಮೆಪಡುತ್ತೇವೆ, ಸರಿ. ಆದರೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಭಾಷೆ ಬೇರೆ, ಔಷಧದ ಚೀಟಿ ಓದುವಷ್ಟು ಭಾಷೆ ಬೇರೆ. ಕೋಳಿ ಸಾಕುವವರು ಈ ಎರಡು ಹೆಸರುಗಳನ್ನು ಗೂಡಿನ ಬಾಗಿಲಿಗೆ ಬರೆದು ಅಂಟಿಸಿಕೊಳ್ಳಿ: ಕೊಕ್ಕರೆ ರೋಗ, ಕೋಳಿವಸಂತ. ಎರಡೂ ಒಂದೇ. ಮರಿ ಹುಟ್ಟಿ ಒಂದು ವಾರದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿಮದ್ದು, ಆರರಿಂದ ಎಂಟು ವಾರಕ್ಕೆ ಚುಚ್ಚುಮದ್ದು. ಉಳಿದದ್ದನ್ನು ಪಶುವೈದ್ಯರಲ್ಲಿ ಕೇಳಿ, ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಅಂಗಡಿಯಲ್ಲಿ ಈಗ ಕಂದು ಬಣ್ಣದ ಮೊಟ್ಟೆಯನ್ನು ಊರಮೊಟ್ಟೆ, ನಾಡನ್ ಎಂದು ಹೆಚ್ಚು ಬೆಲೆಗೆ ಮಾರುವುದುಂಟು. ಕೋಳಿಯ ತಳಿಯಿಂದ ಸಿಪ್ಪೆಗೆ ಬಣ್ಣ ಬರುತ್ತದೆ, ಅಷ್ಟೆ. ಫಾರಮಿನಲ್ಲಿಯೂ ಕಂದು ಮೊಟ್ಟೆ ಇಡುವ ಕೋಳಿಗಳಿವೆ. ಒಳಗಿನ ಹಳದಿ ಗಾಢವಾಗಿದ್ದರೆ ಕೋಳಿ ಸೊಪ್ಪು, ಹುಲ್ಲು, ಹಳದಿ ಜೋಳದಂಥದ್ದನ್ನು ತಿಂದಿದೆ ಎಂದರ್ಥ. ನಿಜವಾದ ಊರಮೊಟ್ಟೆ ಸಾಮಾನ್ಯವಾಗಿ ಸಣ್ಣದು, 40 ಗ್ರಾಂ ಆಸುಪಾಸು. ಫಾರಮಿನದ್ದು 50ರಿಂದ 55 ಗ್ರಾಂ. ರುಚಿಯಲ್ಲಿ ವ್ಯತ್ಯಾಸ ಉಂಟೆಂದು ನಾನೂ ಹೇಳುತ್ತೇನೆ. ಆದರೆ ಬಣ್ಣ ನೋಡಿ ಎರಡು ಪಟ್ಟು ಬೆಲೆ ಕೊಡಬೇಡಿ.

ಹಳತೋ ಹೊಸತೋ ತಿಳಿಯಲು ಪಾತ್ರೆಯಲ್ಲಿ ನೀರು ತುಂಬಿ ಮೊಟ್ಟೆ ಬಿಡಿ. ತಳದಲ್ಲಿ ಮಲಗಿದರೆ ಹೊಸತು. ತಳದಲ್ಲೇ ನೆಟ್ಟಗೆ ನಿಂತರೆ ದಿನ ಕಳೆದಿದೆ, ಬೇಗ ಬಳಸಿ. ತೇಲಿದರೆ ತೆಂಗಿನ ಬುಡಕ್ಕೆ. ಸಿಪ್ಪೆಯ ಸಣ್ಣ ರಂಧ್ರಗಳಿಂದ ಒಳಗಿನ ತೇವ ಹೊರಟು ಗಾಳಿ ಸೇರುತ್ತಾ ಹೋಗುವುದೇ ಇದಕ್ಕೆ ಕಾರಣ. ಬೇಯಿಸುವ ವಿಷಯದಲ್ಲಿ ಇನ್ನೊಂದು ಮಾತು: ಅಂದೇ ಇಟ್ಟ ಮೊಟ್ಟೆಯನ್ನು ಬೇಯಿಸಿದರೆ ಸಿಪ್ಪೆಗೆ ಬಿಳಿ ಅಂಟಿಕೊಂಡು ಹರಿದು ಬರುತ್ತದೆ. ನಾಲ್ಕೈದು ದಿನ ಕಳೆದದ್ದೇ ಸುಲಭವಾಗಿ ಬಿಡುತ್ತದೆ. ನೀರು ಕುದಿಯಲು ತೊಡಗಿದ ಮೇಲೆ ಒಂಬತ್ತು ಹತ್ತು ನಿಮಿಷ ಸಾಕು, ಕೂಡಲೇ ತಣ್ಣೀರಿಗೆ ಹಾಕಬೇಕು. ಒಲೆಯ ಮೇಲಿಟ್ಟು ಬಟ್ಟೆ ಒಗೆಯಲು ಹೋದರೆ ಹಳದಿಯ ಸುತ್ತ ಹಸುರು ಗೆರೆ ಬರುತ್ತದೆ. ಅದು ವಿಷವಲ್ಲ, ಹಳದಿಯಲ್ಲಿನ ಕಬ್ಬಿಣ, ಬಿಳಿಯಲ್ಲಿನ ಗಂಧಕ ಸೇರಿ ಆಗುವುದು. ನೋಡಲು ಚಂದವಿಲ್ಲ, ಅಷ್ಟೆ.

ನೆರೆಯ ಮಾಪಿಳ್ಳೆ ಮನೆಗಳ ಮುಟ್ಟಮಾಲೆಯನ್ನು ಹೇಳದಿದ್ದರೆ ಈ ಮಾತು ಅರ್ಧವಾಗುತ್ತದೆ. ಮದುವೆಗೆ, ಹೊಸ ಅಳಿಯನ ಸತ್ಕಾರಕ್ಕೆ ಮಾಡುವ ಸಿಹಿ ಇದು. ಮೊಟ್ಟೆಯ ಹಳದಿಯನ್ನು ಮಾತ್ರ ಬೇರ್ಪಡಿಸಿ, ಸೋಸಿ, ತೂತು ಮಾಡಿದ ಗೆರಟೆಯಿಂದ ಕುದಿಯುವ ಸಕ್ಕರೆಪಾಕದ ಮೇಲೆ ಸುತ್ತಿಸುತ್ತಾ ಸುರಿಯುತ್ತಾರೆ. ಚಿನ್ನದ ಎಳೆಯಂತೆ ಬೆಂದು ಮೇಲೆ ಬರುತ್ತದೆ. ಉಳಿದ ಬಿಳಿಯನ್ನು ಚೆಲ್ಲುವುದಿಲ್ಲ. ಸಕ್ಕರೆ, ಏಲಕ್ಕಿ ಸೇರಿಸಿ ತಟ್ಟೆಯಲ್ಲಿ ಹಬೆಗಿಟ್ಟು ಪಿಞ್ಞಾಣತ್ತಪ್ಪಂ ಮಾಡುತ್ತಾರೆ. ನಾವು ಪಿಂಗಾಣಿ ಎನ್ನುವುದೂ ಅವರು ಪಿಞ್ಞಾಣ ಎನ್ನುವುದೂ ಒಂದೇ ಮಾತು. ಇದೇ ಬಗೆಯ ಮೊಟ್ಟೆಯ ಎಳೆಯ ಸಿಹಿ ಪೋರ್ಚುಗಲಿನಲ್ಲಿದೆ, ಥಾಯ್ಲೆಂಡಿನಲ್ಲಿದೆ, ಜಪಾನಿನಲ್ಲಿಯೂ ಇದೆ. ಹಡಗಿನ ದಾರಿಯಲ್ಲಿ ಹೋದ ರುಚಿ. ಕಾಸರಗೋಡಿನ ಅಡುಗೆಮನೆಗೆ ಲಿಸ್ಬನ್ನಿನ ನೆಂಟಸ್ತಿಕೆ ಇದ್ದರೆ ಆಶ್ಚರ್ಯವೇನಿಲ್ಲ. ಆದರೆ ಇದು ಆದಿತ್ಯವಾರದ ಅಡುಗೆಯಲ್ಲ. ಇಪ್ಪತ್ತು ಮೊಟ್ಟೆಯೂ ಒಂದು ಬೆಳಗ್ಗಿನ ಹೊತ್ತೂ ಬೇಕು. ಹೊತ್ತೇ ಇಲ್ಲಿ ಕಷ್ಟದ ವಸ್ತು.

ಆದಿತ್ಯವಾರದ ರಜೆ ತಾನಾಗಿ ಬಂದದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ವಾರಕ್ಕೊಂದು ದಿನ ವಿಶ್ರಾಂತಿ ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ, 1890ರಲ್ಲಿ ಅದನ್ನು ದೊರಕಿಸಿದರು. ಗಿರಣಿಗೆ ರಜೆ ಬಂತು, ಶಾಲೆಗೆ ಬಂತು, ಕಚೇರಿಗೆ ಬಂತು. ಅಡುಗೆಮನೆಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ. ತಲುಪದಿರುವುದು ಮಾತ್ರವಲ್ಲ, ಆ ದಿನ ಅಲ್ಲಿ ಕೆಲಸ ಎರಡರಷ್ಟು. ಎಲ್ಲರೂ ತಡವಾಗಿ ಏಳುತ್ತಾರೆ, ಆದ್ದರಿಂದ ಮೂರು ಸಲ ಚಾ. ವಾರದ ಬಟ್ಟೆ. ನೆಂಟರು. ಮಧ್ಯಾಹ್ನಕ್ಕೆ ವಿಶೇಷ. ಬೀಡಿ ಕಟ್ಟುವ ಮನೆಗಳಲ್ಲಿ ಸೋಮವಾರಕ್ಕೆ ಬೇಕಾದ ಎಲೆ ಕತ್ತರಿಸಿ ಇಡುವ ಕೆಲಸ ಬೇರೆ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆಂದೂ, ಗಂಡಸರಲ್ಲಿ ಮಾಡುವವರು ಕಳೆಯುವುದು 88 ನಿಮಿಷವೆಂದೂ ಬಂದಿದೆ. ಗಮನಿಸಿ, ಇದು ಮಾಡುವ ಗಂಡಸರ ಲೆಕ್ಕ. ಮಾಡದವರು ಇದರಲ್ಲಿ ಸೇರಿಯೇ ಇಲ್ಲ.

ಹಾಗಾಗಿ ಇನ್ನು ನಾನು ಹೇಳುವ ಅಡುಗೆಯನ್ನು ಮನೆಯ ಗಂಡಸರೂ ಹತ್ತು ವರ್ಷ ದಾಟಿದ ಮಕ್ಕಳೂ ಹತ್ತಿರ ಬಂದು ಕೇಳಬೇಕು. ಅಕ್ಕ, ಅಮ್ಮ, ಅತ್ತೆಯಂದಿರು ಬೇಕಾದರೆ ಜಗಲಿಯಲ್ಲಿ ಕೂತುಕೊಳ್ಳಿ. ನಿಮಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ.

ಒಡೆದು ಹಾಕಿದ ಮೊಟ್ಟೆಯ ಗಸಿ. ಐದಾರು ಮಂದಿಗೆ ಆರು ಮೊಟ್ಟೆ, ಅರ್ಧ ತೆಂಗಿನಕಾಯಿ. ತೆಂಗಿನೆಣ್ಣೆ 2025ರಲ್ಲಿ ಲೀಟರಿಗೆ 400 ರೂಪಾಯಿ ದಾಟಿದ್ದು ನೆನಪಿರಲಿ. ಎರಡು ಚಮಚಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಎಂಟು ಹತ್ತು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳು ಮೆಂತೆ, ನಾಲ್ಕೈದು ಒಳ್ಳೆಮೆಣಸು ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತೆ ಕಪ್ಪಾದರೆ ಗಸಿ ಕಹಿ, ಅಷ್ಟು ಕಣ್ಣಿಟ್ಟರೆ ಸಾಕು. ತೆಂಗಿನತುರಿ, ನಾಲ್ಕು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಶಿನ, ಗೋಲಿಯಷ್ಟು ಹುಣಸೆಹುಳಿ ಸೇರಿಸಿ ನುಣ್ಣಗೆ ಅರೆಯಿರಿ. ಕಡೆಯುವ ಕಲ್ಲಾದರೆ ಪರಿಮಳ ಬೇರೆ, ನಿಜ. ಆದರೆ ಕಲ್ಲಿನಲ್ಲಿ ಅರೆದ ರುಚಿಯೇ ಬೇಕೆನ್ನುವವರು ತಾವೇ ಅರೆಯಬೇಕೆಂದು ಒಂದು ನಿಯಮ ಮಾಡಿಕೊಂಡರೆ ಎಲ್ಲ ಮನೆಗಳಲ್ಲಿ ಮಿಕ್ಸಿಯೇ ಓಡೀತು.

ಬಾಣಲೆಯಲ್ಲಿ ನೀರುಳ್ಳಿ ಕೆಂಪಗೆ ಬಾಡಿಸಿ, ಅರೆದದ್ದನ್ನು ಹಾಕಿ, ಉಪ್ಪು ಹಾಕಿ, ನೀರು ಸೇರಿಸಿ ಚೆನ್ನಾಗಿ ಕುದಿಸಿ. ಬಾಣಲೆ ಅಗಲವಾಗಿರಬೇಕು, ಮೊಟ್ಟೆ ಬಿದ್ದಲ್ಲಿ ನಿಲ್ಲಲು ಜಾಗ ಬೇಕಲ್ಲ. ಮೊದಲು ಗಸಿ ಸ್ವಲ್ಪ ನೀರಾಗಿಯೇ ಇರಲಿ. ಮೊಟ್ಟೆ ಬಿದ್ದ ಮೇಲೆ ದಪ್ಪವಾಗುತ್ತದೆ. ಈಗ ಉರಿ ಸಣ್ಣದು ಮಾಡಿ. ಒಂದೊಂದೇ ಮೊಟ್ಟೆಯನ್ನು ಮೊದಲು ಲೋಟಕ್ಕೆ ಒಡೆದು, ಕೆಟ್ಟದ್ದಲ್ಲವೆಂದು ನೋಡಿಕೊಂಡು, ಬಾಣಲೆಯ ಅಂಚಿನಿಂದ ಮೆಲ್ಲಗೆ ಇಳಿಸಿ. ಆರೂ ಇಳಿದ ಮೇಲೆ ಮುಚ್ಚಳ ಮುಚ್ಚಿ. ಸಟ್ಟುಗ ಹಾಕಿ ತಿರುವಬಾರದು! ಹೊಸಬರಿಗೆ ಕೈ ತುರಿಸುವುದು ಇಲ್ಲಿಯೇ. ಏಳೆಂಟು ನಿಮಿಷ ಬಿಟ್ಟರೆ ಬಿಳಿ ಗಟ್ಟಿಯಾಗಿ ಹಳದಿಯೂ ಬೇಯುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳೋ ಬಸುರಿಯೋ ಪ್ರಾಯದವರೋ ಇದ್ದರೆ ಹಳದಿ ಪೂರ್ತಿ ಬೇಯಲೇಬೇಕು. ಕೊನೆಗೆ ಕರಿಬೇವಿನ ಒಂದು ಒಗ್ಗರಣೆ.

ಬೇಯಿಸಿ ಸುಲಿದ ಮೊಟ್ಟೆ ಹಾಕಿಯೂ ಮಾಡಬಹುದು. ಆದರೆ ಒಡೆದು ಹಾಕಿದ್ದರಲ್ಲಿ ಮಸಾಲೆ ಮೊಟ್ಟೆಯ ಮೈಗೆ ಹಿಡಿಯುತ್ತದೆ, ಇನ್ನೊಂದು ಪಾತ್ರೆ ತೊಳೆಯುವುದೂ ತಪ್ಪುತ್ತದೆ. ಜೊತೆಗೆ ನೀರುದೋಸೆ ಇರಲಿ, ಪುಂಡಿ ಇರಲಿ, ಒತ್ತುಶ್ಯಾವಿಗೆ ಇರಲಿ, ನೆರೆಮನೆಯಿಂದ ಬಂದ ಪತ್ತಿರಿ ಇರಲಿ. ಏನೂ ಇಲ್ಲದಿದ್ದರೆ ಕುಚ್ಚಲಕ್ಕಿಯ ಅನ್ನ. ಆಟಿಯ ಮಳೆಯಲ್ಲಿ ಬಿಸಿ ಗಂಜಿಯ ಮೇಲೆ ಈ ಗಸಿಯ ಒಂದು ಸೌಟು ಬಿದ್ದರೆ ಬೇರೆ ಯಾವುದೂ ನೆನಪಾಗುವುದಿಲ್ಲ.

ಮೊಟ್ಟೆ ತಿನ್ನದ ಮನೆಯವರು ಇದೇ ಮಸಾಲೆಗೆ ಹಲಸಿನ ಬೀಜವನ್ನೋ ಕಡಲೆಯನ್ನೋ ಹಾಕಿ ನೋಡಿ. ಬೇಯಿಸುವ ಕೈ ಮಾತ್ರ ಆ ದಿನ ಬೇರೆಯದ್ದಾಗಿರಲಿ.

ಸೋಮವಾರ ಮೀನು ಮೊಟ್ಟೆ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಆದ್ದರಿಂದ ರಾತ್ರಿಯೊಳಗೆ ಬಾಣಲೆ ಬರಿದಾಗಬೇಕು, ತೊಳೆದು ಕವುಚಿಯೂ ಇಡಬೇಕು. ಅದನ್ನು ತೊಳೆಯುವ ಸರದಿ ಯಾರದ್ದೆಂದು ಊಟಕ್ಕೆ ಕೂರುವ ಮೊದಲೇ ತೀರ್ಮಾನವಾಗಲಿ. ಹೊಟ್ಟೆ ತುಂಬಿದ ಮೇಲೆ ಯಾರೂ ಸಿಗುವುದಿಲ್ಲ.